ತಲೆಮರೆಸಿಕೊಂಡವನ ಪ್ರವಾಸ ಕಾರ್ಯಕ್ರಮ

ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಆಲ್ಡಿ ಎಂಬ ಊರಿನಿಂದ ಹೊರಟೆ. ಅಕ್ಟೋಬರ್ ಮೊದಲ ವಾರ. ಸ್ವೆಟರ್ ಹಾಕಿಕೊಂಡರೆ ಸೆಕೆ, ತೆಗೆದರೆ ಚಳಿ. ಆಲ್ಡಿಯಲ್ಲಿ ನಾನು ಆರು ತಿಂಗಳಿಗೆಂದು ಬೀಡುಬಿಟ್ಟಿದ್ದು ಅಕ್ಕನ ಮಗಳು ವಿದ್ಯಾಳ ಮನೆಯಲ್ಲಿ. ಅವಳೇ ಹತ್ತಿರದ ಅಲೆಕ್ಸಾಂಡ್ರಿಯಾದ ರೈಲು ನಿಲ್ದಾಣಕ್ಕೆ ಬಿಟ್ಟಳು. ದಾರಿಯಲ್ಲಿ ಎರಡು ಸಲ ಕೇಳಿದಳು.

"ಮಾವ, ಆ ಈಮೇಲ್ ನಿಜವಾಗ್ಲೂ ಕಳಿಸ್ಲಾ? ಅಮ್ಮನ್ನ ಒಂದ್ಮಾತು ಕೇಳ್ಬೇಡ್ವಾ?"

"ಇಲಾಖೆ ವಿಷಯದಲ್ಲಿ ನಿಮ್ಮಮ್ಮನ್ನ ಏನು ಕೇಳೋದು. ಕಳಿಸು" ಎಂದೆ. ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅವಳು ಫೋನಿನ ಮೇಲೆ ಬೆರಳೊತ್ತಿದಳು.

ಆ ಈಮೇಲಿನಲ್ಲಿದ್ದದ್ದು ನನ್ನ ಪ್ರವಾಸ ಕಾರ್ಯಕ್ರಮ. ಕರ್ನಾಟಕದ ಜೈಲುಗಳಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದವನು ನಾನು. ಊರು ಬಿಡುವ ಮುನ್ನ ದಿನಾಂಕ, ಸಮಯ, ಸ್ಥಳ, ವಾಹನದ ಸಂಖ್ಯೆ ಬರೆದು ಒಂದೊಂದು ಪ್ರತಿಯನ್ನು ಸಂಬಂಧಪಟ್ಟವರಿಗೆ ಕಳಿಸದಿದ್ದರೆ ನನ್ನ ಕಾಲು ಹೊಸಿಲು ದಾಟುವುದಿಲ್ಲ. ಈ ಸಲ ಸಂಬಂಧಪಟ್ಟವರು ಒಬ್ಬರೇ ಇದ್ದರು: ನಾರ್ತ್ ಕ್ಯಾರೊಲೈನಾದ ಸೆರೆಮನೆ ಇಲಾಖೆಯ ತಲೆಮರೆಸಿಕೊಂಡವರನ್ನು ಹಿಡಿಯುವ ದಳದ ಅಧಿಕಾರಿ, ಬೆನೆಟ್.

ಅಕ್ಕನ ಊರಾದ ರಾಲಿಗೆ ರೈಲಿನಲ್ಲಿ ಆರು ಗಂಟೆ, ಐವತ್ತೆಂಟು ಡಾಲರ್. ರೈಲು ಪ್ರತಿ ಊರಿನ ಹಿತ್ತಲನ್ನೂ ತೋರಿಸುತ್ತಾ ಹೋಯಿತು. ಚಪಾತಿ, ಟೊಮೇಟೊ ಗೊಜ್ಜು ಬಿಚ್ಚಿದಾಗ ಎದುರಿನ ಮುದುಕಿ ಕಿಟಕಿಯ ಚಿಲಕ ಹುಡುಕಿದಳು. ಅದು ತೆರೆಯುವ ಜಾತಿಯದಲ್ಲ. ನಲವತ್ತು ನಿಮಿಷ ತಡವಾಗಿ ಇಳಿದೆ. ಸ್ವಂತ ದೇಶಕ್ಕೆ ಬಂದಷ್ಟು ಸಮಾಧಾನವಾಯಿತು.

ನನ್ನ ಅಕ್ಕ ಶಾರದೆ ಈ ದೇಶಕ್ಕೆ ಡಾಕ್ಟರಾಗಿ ಬಂದು ಐವತ್ತು ವರ್ಷವಾಯಿತು. ಎಪ್ಪತ್ತೈದು ತುಂಬಿದೆ. ನಿವೃತ್ತಿಯಾಗುವ ಮುನ್ನ ವಾರಕ್ಕೆ ಎರಡು ದಿನ ಒಂದು ಸೆರೆಮನೆಯ ಕ್ಲಿನಿಕ್ಕಿಗೆ ಹೋಗುತ್ತಿದ್ದಳು. ಅಲ್ಲಿ ನೆಲ ಒರೆಸುತ್ತಿದ್ದ ಕೈದಿ ಲಿಯಾನ್ ಪೆರೋಲಿನ ಮೇಲೆ ಹೊರಬಂದಮೇಲೆ ಅವಳ ಮನೆಯ ಸೂರಿನ ಎಲೆ ತೆಗೆಯುವುದು, ಬೇಲಿಗೆ ಬಣ್ಣ ಹೊಡೆಯುವುದು ಮಾಡಿಕೊಂಡಿದ್ದ. ನಮ್ಮಲ್ಲಿ ಪೆರೋಲೆಂದರೆ ಕೈದಿಯ ರಜೆ. ಅಲ್ಲಿ ಅದು ಉಳಿದ ಶಿಕ್ಷೆಯನ್ನು ಷರತ್ತಿನ ಮೇಲೆ ಹೊರಗೆ ಕಳೆಯುವುದು. ಅಪ್ಪಣೆಯಿಲ್ಲದೆ ರಾಜ್ಯ ಬಿಡುವಂತಿಲ್ಲ. ಬೇರೆ ರಾಜ್ಯದ ಅಟ್ಲಾಂಟಾದಲ್ಲಿ ಅವನ ತಾಯಿಗೆ ಕೊನೆಗಾಲ ಬಂತು. ಅರ್ಜಿ ಹಾಕಿದ; ಉತ್ತರಕ್ಕೆ ಕಾಯದೆ ಮರುದಿನವೇ ಬಸ್ ಹತ್ತಿದ. ತಾಯಿ ತೀರಿಕೊಂಡಳು. ಮಣ್ಣಾದಮೇಲೆ ಹಿಂದಿರುಗಲು ಹೆದರಿ ಆರು ವಾರ ಅಲ್ಲೇ ಉಳಿದ. ಕಾಗದದಲ್ಲಿ ಈಗ ಅವನು ತಲೆಮರೆಸಿಕೊಂಡವನು.

ಬೆನೆಟ್ ಅಕ್ಕನ ಮನೆಗೆ ಬಂದಿದ್ದು ಹೀಗೆ. ಬಾಗಿಲಲ್ಲೇ ನಿಂತು, "ನನ್ನ ಹತ್ತಿರ ಅವನ ವಾರಂಟ್ ಇದೆ. ಆದರೆ ಮನೆ ನಿಮ್ಮದು. ನೀವು ಒಪ್ಪದೆ, ಅಥವಾ ಜಡ್ಜ್ ಇನ್ನೊಂದು ಕಾಗದ ಕೊಡದೆ, ನಾನು ಒಳಗೆ ಕಾಲಿಡುವ ಹಾಗಿಲ್ಲ" ಎಂದರಂತೆ. ಅಕ್ಕ ಒಳಗೆ ಕರೆದು, ಮಂಚದ ಕೆಳಗೆಲ್ಲ ತೋರಿಸಿ, ಕಾಫಿ ಕೊಟ್ಟಳು. ಅವರು ತಮ್ಮ ದಳದ ನಿಯಮಗಳ ಪುಸ್ತಿಕೆ ಬಿಟ್ಟುಹೋದರು. ನಾನು ಬಂದಿಳಿದ ರಾತ್ರಿ ಊಟಕ್ಕೆ ಬದಲು ಅದನ್ನೇ ಓದಿದೆ.

ಅದ್ಭುತವಾದ ಪುಸ್ತಿಕೆ. ದಳದವರು ಇಲಾಖೆಯ ವಾರಂಟ್ ಇರುವವರನ್ನು ಮಾತ್ರ ಹಿಡಿಯಬಹುದು. ಕಣ್ಣೆದುರೇ ಒಬ್ಬ ಅತಿವೇಗದಲ್ಲಿ ಹೋದರೆ ನಿಟ್ಟುಸಿರು ಬಿಡಬಹುದು, ಅಷ್ಟೆ. ರಾಜ್ಯದ ಮೂಲೆಮೂಲೆಯಲ್ಲೂ ಅಧಿಕಾರವಿದೆ. ಗಡಿ ದಾಟಿದರೆ ಬೆನೆಟ್ ನನ್ನ ಹಾಗೆ ಬರೀ ಪ್ರವಾಸಿ. ಎಲ್ಲಕ್ಕಿಂತ ಮುಖ್ಯವಾದದ್ದು ಒಂಬತ್ತನೆಯ ಪುಟ: ಅಧಿಕಾರಿ ತಡೆಯುವ ಮೊದಲು ತಾನಾಗಿ ಬಂದು, ತನ್ನ ಹೆಸರು ಹೇಳಿದವನು 'ಶರಣಾದವನು'. ಅಧಿಕಾರಿ ಮೊದಲು ಕಂಡು ತಡೆದರೆ 'ಬಂಧಿತ'.

"ಎರಡಕ್ಕೂ ಏನು ವ್ಯತ್ಯಾಸ?" ಎಂದೆ.

"ಹದಿನೆಂಟು ತಿಂಗಳು" ಎಂದಳು ಅಕ್ಕ. "ಲಾಯರ್ ಹೇಳಿದ್ರು. ಸರೆಂಡರ್ ಅಂದ್ರೆ ಪೆರೋಲ್ ಬೋರ್ಡ್ ಎದುರು ಮಾತಾಡೋಕೆ ಬಾಯಿರತ್ತೆ, ಬೈದು ಬಿಡಬಹುದು. ಅರೆಸ್ಟ್ ಅಂದ್ರೆ ಉಳಿದಿದ್ದೆಲ್ಲ ಒಳಗೇ."

ನಾನಿದ್ದ ಜೈಲಿನಲ್ಲಿ ಕೈದಿ ಓಡಿಹೋದರೆ ಠಾಣೆಗೆ ದೂರು ಬರೆದು, ನಮ್ಮ ಅಮಾನತಿನ ಆದೇಶಕ್ಕಾಗಿ ಬಾಗಿಲು ನೋಡುತ್ತಾ ಕೂರುತ್ತಿದ್ದೆವು. ಓಡಿಹೋದವನಿಗೆ ಕಾಯಿದೆ ಇಷ್ಟೊಂದು ಕುರ್ಚಿ ಹಾಕಿಟ್ಟಿದ್ದನ್ನು ನಾನು ಕಂಡಿರಲಿಲ್ಲ.

ಗುರುವಾರ ಅಟ್ಲಾಂಟಾಕ್ಕೆ. ನಾನೂರು ಮೈಲಿ, ಏಳು ಗಂಟೆ, ಮಧ್ಯೆ ಎರಡು ಸಲ ಮೊಸರನ್ನ. ಅಕ್ಕ ಎಪ್ಪತ್ತೈದರ ವಯಸ್ಸಿನಲ್ಲಿ ಗಂಟೆಗೆ ಎಪ್ಪತ್ತೈದು ಮೈಲಿಯ ವೇಗದಲ್ಲಿ ಓಡಿಸುತ್ತಾಳೆ. ಎರಡೂ ಒಟ್ಟಿಗೆ ಏರಬಹುದೆಂಬ ಭಯ ನನಗೆ. ಮೋಟೆಲಿನಲ್ಲಿ ಮಲಗಿ, ಶುಕ್ರವಾರ ಎಂಟು ಗಂಟೆಗೆ ಲಿಯಾನನ ಚಿಕ್ಕಮ್ಮನ ಮನೆಯ ಮುಂದೆ ನಿಂತೆವು. ನಲವತ್ತು ದಾಟಿದ ಎತ್ತರದ ಆಳು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಟೋಪಿ. ಹಿಂದಿನ ಸೀಟಿನಲ್ಲಿ ಮಂಡಿ ಮಡಿಸಿಕೊಂಡು ಕೂತ.

"ಡಾಕ್, ಇವರು ಯಾರು?"

"ನನ್ನ ತಮ್ಮ. ಜೈಲರ್ ಆಗಿದ್ದ."

ಲಿಯಾನ್ ನನ್ನನ್ನು ದೀರ್ಘವಾಗಿ ನೋಡಿ, "ಆಗಿರಲೇಬೇಕು" ಎಂದ.

ಮಧ್ಯಾಹ್ನ ಮೂರಕ್ಕೆ ರಾಲಿಯ ಕಚೇರಿಗೆ ಅವನು ತಾನಾಗಿ ನಡೆದುಹೋಗಬೇಕು, ಇದು ಅಕ್ಕ ನನಗೆ ಮೊದಲೇ ಫೋನಿನಲ್ಲಿ ಹೇಳಿದ್ದ ಯೋಜನೆ. ಸೌತ್ ಕ್ಯಾರೊಲೈನಾದ ಪೀಚ್ ತೋಟಗಳ ನಡುವೆ, ಮಾತಿಗೊಂದು ವಿಷಯವಿರಲೆಂದು ನಾನು ಗಡಿಯಾರ ನೋಡಿ, "ಗಡಿ ದಾಟಿದ ಕೂಡಲೇ ವೆಲ್ಕಮ್ ಸೆಂಟರ್, ಹನ್ನೊಂದೂ ನಲವತ್ತಕ್ಕೆ. ಕಾರ್ಯಕ್ರಮದ ಪ್ರಕಾರವೇ ಇದ್ದೇವೆ" ಎಂದೆ.

"ಯಾವ ಕಾರ್ಯಕ್ರಮನೋ?"

ಹೇಳಿದೆ.

"ಪ್ರತಿ ಕಳಿಸಿದ್ಯಾ? ಯಾರಿಗೆ?"

"ಸಂಬಂಧಪಟ್ಟವರಿಗೆ."

ಕಾರು ಒಂದು ಕ್ಷಣ ಗೆರೆ ತಪ್ಪಿ ಮತ್ತೆ ಗೆರೆಗೆ ಬಂತು. "ಸೀನ, ನೀನು ಅವರಿಗೆ ಕಾರ್ ನಂಬರ್ ಕೊಟ್ಟಿದ್ಯಾ? ಸ್ಟಾಪ್ ಕೊಟ್ಟಿದ್ಯಾ? ಟೈಮ್ ಸಮೇತ?"

"ಕದ್ದು ಕರೆದುಕೊಂಡು ಬಂದ ಹಾಗೆ ಕಾಣಬಾರದು ಅಂತ."

"ಈಗ ಅವರು ಬರಲೇಬೇಕು ಕಣೋ. ಗೊತ್ತಿದ್ದೂ ಬರದೆ ಇರೋಕಾಗತ್ತಾ ಅವರ ಕೈಲಿ? ಇವನು ಕೆಳಗಿಳಿಯೋದು, ಅವರು ನೋಡೋದು, ಮುಗೀತು. ಅರೆಸ್ಟ್."

ಮೂವತ್ತನಾಲ್ಕು ವರ್ಷ ಕಳಿಸಿದ ಪ್ರತಿಗಳನ್ನು ಯಾರಾದರೂ ಓದುತ್ತಾರೆಂಬ ಸಂಶಯವೇ ನನಗೆ ಬಂದಿರಲಿಲ್ಲ. ಲಿಯಾನ್ ಏನಾಯಿತೆಂದು ಕೇಳಿದ. ಅಕ್ಕ ಇಂಗ್ಲಿಷಿನಲ್ಲಿ ಹೇಳಿ, "ನಾವು ಅಲ್ಲಿ ನಿಲ್ಲುವುದಿಲ್ಲ, ನೇರ ರಾಲಿಗೆ" ಎಂದಳು.

ಅವನು ಟೋಪಿಯನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದ. "ನಿಲ್ಲಿಸಿ, ಡಾಕ್" ಎಂದ. "ನಿಲ್ಲಿಸದೆ ಹೋದರೆ ಮತ್ತೆ ಓಡಿದ ಹಾಗೆ. ಈ ಮನುಷ್ಯ ಎಲ್ಲಿಗೆ ಹೋಗುತ್ತೇನೆಂದು ಹೇಳಿ ಹೋಗುತ್ತಾನೆ. ನಾನು ಅದನ್ನು ಒಂದು ಸಲವಾದರೂ ಮಾಡಬೇಕಿತ್ತು."

ನನ್ನ ಆಡಳಿತ ಸಾಮರ್ಥ್ಯದ ಬಗ್ಗೆ ಬಂದ ಮೊದಲ ಮೆಚ್ಚುಗೆ. ಸಂತೋಷಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಗಡಿ ದಾಟಿ, ಹನ್ನೊಂದೂ ಮೂವತ್ತೊಂದಕ್ಕೆ, ಪ್ರವಾಸಿಗರು ದಣಿವಾರಿಸಿಕೊಳ್ಳುವ ಆ ಸೆಂಟರಿನ ಅಂಗಳದಲ್ಲಿ ಕಾರು ನಿಂತಿತು. ಓಕ್ ಮರಗಳು, ಬೆಂಚುಗಳು, ಪಾನೀಯದ ಯಂತ್ರ. ಅಂಗಳದ ಆ ತುದಿಯ ಬೆಂಚಿನಲ್ಲಿ ಕಂದು ಜಾಕೆಟ್ಟಿನ ದಪ್ಪ ಬೆನ್ನೊಂದು ನಮ್ಮ ಕಡೆ ತಿರುಗಿ ಕೂತಿತ್ತು. ಬೆನ್ನಿನ ಯಜಮಾನರು ಒಂದು ಹಾಳೆ ಹಿಡಿದು ಎದುರಿನ ಪೊದೆಗಳನ್ನು ನೋಡುತ್ತಿದ್ದರು.

"ಅವರೇ" ಎಂದಳು ಅಕ್ಕ.

"ಇನ್ನೂ ಒಂಬತ್ತು ನಿಮಿಷ ಇದೆ" ಎಂದ ಲಿಯಾನ್. ಕಾದೆವು. ನಲವತ್ತಕ್ಕೆ ಎರಡು ನಿಮಿಷವಿದ್ದಾಗ ಅವನು ಬಾಗಿಲು ತೆರೆದ. ಅಕ್ಕ ಚಕ್ಕುಲಿಯ ಡಬ್ಬಿ ಅವನ ಕೈಗೆ ತುರುಕಿದಳು. ನನ್ನ ಕಾಲುಗಳು ತಾವಾಗಿಯೇ ಎದ್ದವು. ಕೈದಿ ಹೊರಟರೆ ಎರಡು ಹೆಜ್ಜೆ ಹಿಂದೆ, ಎಡಗಡೆ ನಡೆಯುವುದು ಅವುಗಳ ಅಭ್ಯಾಸ. ಅಕ್ಕ ನನ್ನ ಸ್ವೆಟರ್ ಹಿಡಿದೆಳೆದಳು. "ಕೂತ್ಕೊ. ನೀನು ಹೋದ್ರೆ ಕರ್ಕೊಂಡು ಬಂದ ಹಾಗಾಗತ್ತೆ. ಅವನೇ ಹೋಗ್ಬೇಕು."

ಅರವತ್ತು ಹೆಜ್ಜೆಯಿರಬಹುದು. ಯಂತ್ರದ ಪಕ್ಕ ಅವನು ನಿಂತುಬಿಟ್ಟ. ಬಲಕ್ಕೆ ತಿರುಗಿದರೆ ಹೆದ್ದಾರಿ, ಅದರಾಚೆ ಕಾಡು. ಅಕ್ಕ ಸ್ಟೀರಿಂಗ್ ಹಿಡಿದೇ ಇದ್ದಳು. ಬೆನ್ನು ತಿರುಗಲಿಲ್ಲ. ಲಿಯಾನ್ ಬಗ್ಗಿ ಷೂ ಲೇಸ್ ಕಟ್ಟಿಕೊಂಡ, ಎದ್ದ, ಬೆಂಚನ್ನು ಬಳಸಿ ಹೋಗಿ ಅವರ ಎದುರು ನಿಂತು, ಟೋಪಿ ತೆಗೆದು ಏನೋ ಹೇಳಿದ. ಬೆನೆಟ್ ಗಡಿಯಾರ ನೋಡಿಕೊಂಡು ಹಾಳೆಯ ಮೇಲೆ ಬರೆದರು. ಆಮೇಲೆ ನಮ್ಮನ್ನು ಕೈಬೀಸಿ ಕರೆದರು.

ಹತ್ತಿರ ಹೋಗಿ ನೋಡಿದೆ. 'ಶರಣಾದ, ಹನ್ನೊಂದೂ ನಲವತ್ತು.' ಬರೆದದ್ದು ನನ್ನ ಕಾರ್ಯಕ್ರಮದ ಅಂಚಿನಲ್ಲೇ.

"ಸರ್" ಎಂದರು ಬೆನೆಟ್, "ಹತ್ತೊಂಬತ್ತು ವರ್ಷ ಜನರನ್ನು ಹುಡುಕಿದ್ದೇನೆ. ವೇಳಾಪಟ್ಟಿ ಕಳಿಸಿದವರು ನೀವೊಬ್ಬರೇ. ಇದು ಕೈಗೆ ಬಂದಮೇಲೆ ನಾನು ಬರಲೇಬೇಕಾಯಿತು."

"ನನ್ನ ತಪ್ಪು" ಎಂದೆ.

"ಬರಬೇಕು ಎಂದು ನಿಯಮವಿದೆ" ಎಂದರು ಅವರು. "ಬಂದಮೇಲೆ ಯಾವ ಕಡೆ ಮುಖ ಮಾಡಿ ಕೂರಬೇಕು ಎಂದಿಲ್ಲ. ಮೂರು ಸಲ ಓದಿ ನೋಡಿದೆ."

ಕೈಕೋಳ ಹಾಕಲೇಬೇಕಿತ್ತು, ಅದಕ್ಕೂ ನಿಯಮವಿತ್ತು. ಆದರೆ ತಾನಾಗಿ ಬಂದವನಿಗೆ ಮುಂದುಗಡೆ ಹಾಕಬಹುದಂತೆ. ಹಾಗೆ ಹಾಕಿ, ಡಬ್ಬಿಯನ್ನು ಅವನ ಮಡಿಲಲ್ಲಿಟ್ಟರು. ಇಡುವ ಮುನ್ನ ತಪಾಸಣೆಯ ಹೆಸರಿನಲ್ಲಿ ಎರಡು ಚಕ್ಕುಲಿ ತಿಂದರು.

ಶಾರ್ಲೆಟ್ ನಗರದವರೆಗೂ ಅವರ ಕಾರಿನ ಹಿಂದೆಯೇ ಹೋದೆವು. ಅಲ್ಲಿ ಅಕ್ಕ ಪೆಟ್ರೋಲಿಗೆಂದು ಪಕ್ಕದ ದಾರಿ ಹಿಡಿದಳು. ಲಿಯಾನ್ ಹಿಂದಿರುಗಿ ನೋಡಿ ಕೈ ಎತ್ತಿದ. ಒಂದೇ ಎತ್ತಲು ಬಾರದ್ದರಿಂದ ಎರಡೂ ಸೇರಿ ಮೇಲೆ ಬಂದವು.

"ನೋಡೋ, ನಮಸ್ಕಾರ ಮಾಡ್ತಿದ್ದಾನೆ" ಎಂದಳು ಅಕ್ಕ. ಅವಳ ಮೂಗು ಕೆಂಪಾಗಿತ್ತು.

ನಾನು ತಿದ್ದಲಿಲ್ಲ, ಎರಡೂ ಕೈ ಜೋಡಿಸಿ, ಆ ಕಾರು ಕಾಣುವಷ್ಟು ದೂರ ಹಾಗೆಯೇ ಹಿಡಿದುಕೊಂಡಿದ್ದೆ.