ಕೌದಿಯಲ್ಲಿ ಕಳೆದ ಸೂಜಿ

ಬೆಟಗೇರಿಯ ನಮ್ಮ ಕೌದಿ ಸಹಕಾರ ಸಂಘದಲ್ಲಿ ಸಂಜೆ ಮನೆಗೆ ಹೊರಡುವ ಮೊದಲು ಪ್ರತಿಯೊಬ್ಬರೂ ತಮ್ಮ ಸೂಜಿಯನ್ನು ಬಾಗಿಲ ಬಳಿಯ ಬಟ್ಟೆ ಉಂಡೆಗೆ ಚುಚ್ಚಬೇಕು. ಕೌದಿಯೊಳಗಿನ ಹಳೆ ಸೀರೆಗಳ ಪದರದಲ್ಲಿ ಸೂಜಿ ಉಳಿದರೆ, ನಾಳೆ ಯಾರದೋ ಮನೆಯ ಮಗು ಅದರ ಮೇಲೆ ಮಲಗುತ್ತದೆ. ಆ ದಿನ ಶಂಕ್ರೆವ್ವನ ಸೂಜಿ ಉಂಡೆಗೆ ಸೇರಲಿಲ್ಲ. ಮಧ್ಯಾಹ್ನವೆಲ್ಲ ಅವಳ ಕೌದಿಯ ಮೇಲೆ ಅಂಬೆಗಾಲಿಟ್ಟು ಆಡಿದ್ದು ನನ್ನ ಮಗಳು.

ಶಂಕ್ರೆವ್ವ ಹುಟ್ಟಿದ್ದು ಅಡರಕಟ್ಟಿಯಲ್ಲಿ, ಮದುವೆಯಾಗಿ ಬಂದದ್ದು ಮಲ್ಲಸಮುದ್ರಕ್ಕೆ. ಹೊಲದ ಕೂಲಿ ಮಾಡಿದಳು, ಮೆಣಸಿನಕಾಯಿ ತೊಟ್ಟು ಬಿಡಿಸಿದಳು. ಸಂಘ ಶುರುವಾದಾಗ ಅಧ್ಯಕ್ಷೆ ಶಾರದವ್ವನ ಜೊತೆ ಮನೆಮನೆ ತಿರುಗಿ ಹಳೆ ಸೀರೆ ಬೇಡಿದವಳೂ ಅವಳೇ. ಕೌದಿಯನ್ನು ನೆಲಕ್ಕೆ ಹಾಸಿ, ಬರಿಗಾಲಲ್ಲಿ ಅದರ ಮೇಲೇ ಕೂತು, ಅಂಚಿನಿಂದ ಸುತ್ತುತ್ತ ನಡುವಿಗೆ ಹೊಲಿದುಕೊಂಡು ಬರುತ್ತಾಳೆ. ನಾನು ಹುಬ್ಬಳ್ಳಿಯಲ್ಲಿ ಓದಿದವಳು. ಕೌದಿಗಳ ಫೋಟೋ ತೆಗೆಯುವುದು, ಆನ್‌ಲೈನ್ ಆರ್ಡರ್ ನೋಡುವುದು ನನ್ನ ಕೆಲಸ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲವೆಂದು ಮಗಳನ್ನೂ ಕರೆತರುತ್ತಿದ್ದೆ. ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸು ಅವಳದು.

“ಎಲ್ಲಿಟ್ಟೀಬೇ ಸೂಜಿ?” ಶಾರದವ್ವ ಕೇಳಿದರು.

“ಇಲ್ಲೇ ಚುಚ್ಚಿದ್ನೆವ್ವಾ. ಕೌದ್ಯಾಗ ಇರಬೇಕು,” ಎಂದಳು ಶಂಕ್ರೆವ್ವ.

“ಚುರಮುರಿ ಜೋಡಿ ತಿಂದಿ ಏನ ಮತ್ತ?” ಎಂದು ಪಕ್ಕದಲ್ಲಿ ಹೊಲಿಯುವ ಸುಗ್ರಾಬಿ ನಕ್ಕಳು. ನನ್ನ ಮುಖ ನೋಡಿ ಎದ್ದು ಕೌದಿಯ ಅಂಚು ಕೊಡವತೊಡಗಿದಳು.

ಮಗಳ ಬಾಯಿಗೆ ಬೆರಳು ಹಾಕಿದೆ. ನಾಲಿಗೆಯ ಅಡಿ, ವಸಡು, ಕೆನ್ನೆಯ ಒಳಗೆ. ಅವಳು ಚೀರಿದಳು. ಚೀರಿದ್ದು ನನ್ನ ಬೆರಳಿಗೋ, ಒಳಗಿನ ನೋವಿಗೋ? ಮಧ್ಯಾಹ್ನ ಒಮ್ಮೆ ಕೆಮ್ಮಿದ್ದಳಲ್ಲ, ಆಗ ಯಾಕೆ ನೋಡಲಿಲ್ಲ? ಆಟೋ ಗದಗಿನ ದವಾಖಾನೆ ಮುಟ್ಟುವ ತನಕ, ಕುಲುಕಿದರೆ ಇನ್ನೂ ಒಳಗೆ ಇಳಿದೀತೆಂದು, ರಸ್ತೆಯ ಗುಂಡಿ ಬಂದಾಗೆಲ್ಲ ಅವಳನ್ನು ಎತ್ತಿ ಹಿಡಿದೆ. ಡಾಕ್ಟರು ಎಕ್ಸ್‌ರೇ ನೋಡಿ, “ಏನೂ ಇಲ್ರಿ, ಮನಿಗೆ ಕರಕೊಂಡ ಹೋಗ್ರಿ,” ಎಂದರು. ಇನ್ನೊಮ್ಮೆ ನೋಡಿ ಎಂದು ಬೇಡಿದೆ. ಬೇಸರವಿಲ್ಲದೆ ಇನ್ನೊಮ್ಮೆ ನೋಡಿದರು.

ಹಾಗಾದರೆ ಸೂಜಿ ಎಲ್ಲಿ? ಮನೆಗೆ ಹೋಗಲು ಧೈರ್ಯವಾಗದೆ ಸಂಘಕ್ಕೇ ಮರಳಿದೆ. ಶಂಕ್ರೆವ್ವ ತಾನು ಹೊಲಿದ ಕೌದಿಯನ್ನು ತಾನೇ ಅರ್ಧ ಬಿಚ್ಚಿ, ಉಳಿದರ್ಧದ ಮೇಲೆ ಮಂಡಿಯೂರಿ ಅಂಗೈ ಒತ್ತಿ ಒತ್ತಿ ಹುಡುಕುತ್ತಿದ್ದಳು.

“ಕೂಸು ಆರಾಮ ಐತೇನವ್ವಾ?”

“ಏನೂ ಇಲ್ಲಂತ.”

ಎದ್ದು ಬಂದು ಮಗಳಿಗೆ ಕೈ ಚಾಚಿದಳು. ನಾನು ಹಿಂದೆ ಸರಿದೆ. ಆಗ ಕಂಡಿತು: ಅವಳು ನಡೆದು ಬಂದ ದಾರಿಯಲ್ಲಿ, ಬಿಳಿ ಸೀರೆಯ ತುಂಡಿನ ಮೇಲೆ, ರಕ್ತದ ಚುಕ್ಕೆಗಳು.

ಮನೆಗೆ ಹೋಗದೆ ಜೊತೆಗೆ ಹುಡುಕುತ್ತಿದ್ದ ಸುಗ್ರಾಬಿ ಅವಳನ್ನು ಕೂರಿಸಿ ಕಾಲೆತ್ತಿದಳು. ಒಡೆದ ಹಿಮ್ಮಡಿಯೊಳಗೆ ಸೂಜಿ ಪೂರ್ತಿ ಹೊಕ್ಕಿತ್ತು. ದಾರದ ಮೋಟು ತುಂಡೊಂದು ಮಾತ್ರ ಹೊರಗಿತ್ತು.

“ಇದನ್ನ ತುಳಕೊಂಡ ಇಷ್ಟೊತ್ತು ಅಡ್ಡ್ಯಾಡಿದೇನಬೇ? ನೋವಾಗಲಿಲ್ಲೇನು?”

ಶಂಕ್ರೆವ್ವ ಆ ಕಾಲನ್ನು ಬೇರೆ ಯಾರದೋ ಎಂಬಂತೆ ನೋಡಿದಳು. “ಸಕ್ಕರಿ ಬ್ಯಾನಿ ಬಂದಾಗಿಂದ ಕಾಲಾಗ ಖಬರ ಇಲ್ಲ,” ಎಂದಳು. ಆಮೇಲೆ ದನಿ ತಗ್ಗಿಸಿ, “ಬೆರಳಾಗೂ ಕಡಿಮಿ ಆಗಾಕ ಹತ್ತೇತಿ. ಶಾರದವ್ವಗ ಹೇಳಬ್ಯಾಡ್ರಿ, ಸೂಜಿ ಕಸಗೊಂತಾಳ.”

ಶಾರದವ್ವ ಬಾಗಿಲಲ್ಲೇ ನಿಂತಿದ್ದರು.

ಅದೇ ದವಾಖಾನೆಯಲ್ಲಿ ಸೂಜಿ ತೆಗೆಸಿದೆವು. ಕಾಲು ಕೊಳೆತರೂ ಇವರಿಗೆ ಗೊತ್ತಾಗದು, ದಿನಾ ಯಾರಾದರೂ ನೋಡಬೇಕು ಎಂದರು ಡಾಕ್ಟರು. ಶಂಕ್ರೆವ್ವನ ಕೈಗೆ ಈಗ ಸೂಜಿ ಕೊಡುವುದಿಲ್ಲ. ಸೀರೆ ಆರಿಸಿ ಪದರ ಹಾಸುವುದಷ್ಟೇ ಅವಳ ಕೆಲಸ. ಮಗಳನ್ನು ನಾನು ಪಕ್ಕದ ಮನೆಯಲ್ಲಿ ಬಿಟ್ಟು ಬರುತ್ತೇನೆ. ಅಲ್ಲಿ ಏನನ್ನು ಬಾಯಿಗಿಡುತ್ತಾಳೋ ಎಂದು ಮತ್ತೆ ಮತ್ತೆ ಫೋನ್ ಮಾಡುತ್ತೇನೆ.

“ಕೂಸು ಹೆಂಗೈತಿ?” ಎಂದು ಶಂಕ್ರೆವ್ವ ದಿನಾ ಕೇಳುತ್ತಾಳೆ.

“ಮೊದ್ಲ ಕಾಲ ತೋರಸ್ರಿ ಆಯಿ,” ಎನ್ನುತ್ತೇನೆ.

ಗೋಡೆ ಹಿಡಿದು ಅಂಗಾಲು ತಿರುಗಿಸುತ್ತಾಳೆ. ಗಾಯ ಇನ್ನೂ ಮಾಯ್ದಿಲ್ಲ.