ಪ್ರದೀಪನ ಪಾಲಿನ ಮುದ್ದೆ

ಚಿಕ್ಕನಿಂಗಮ್ಮನವರನ್ನು ನಾನು ನೋಡಿದ್ದು ಒಂದೇ ಸಲ. ಆದರೂ ಅವರ ಬಗ್ಗೆ ಬರೆಯದೆ ನನಗೆ ಸಮಾಧಾನವಿಲ್ಲ, ಯಾಕೆಂದರೆ ಅವರ ಬದುಕನ್ನು ಕೆಡಿಸಿದವಳು ನಾನು.

ತೆರಕಣಾಂಬಿಯಿಂದ ಎರಡು ಮೈಲಿ ಒಳಗೆ ಅವರ ಊರು. ಚೆಂಡುಹೂ ಕೀಳುವ ಕೂಲಿ. ಗಂಡ ತೀರಿಕೊಂಡು ಹನ್ನೆರಡು ವರ್ಷ. ಮಗ ಪ್ರದೀಪ ನಾಲ್ಕು ವರ್ಷದ ಹಿಂದೆ ಶುಂಠಿ ಕೆಲಸಕ್ಕೆಂದು ವಯನಾಡಿಗೆ ಹೋದ. ದೀಪಾವಳಿಗೆ ಜೊತೆಯವರೆಲ್ಲ ವಾಪಸು ಬಂದರು, ಅವನು ಬರಲಿಲ್ಲ. ಬಸ್ ಹತ್ತುವಾಗ ನಮ್ಮ ಜೊತೆಗೇ ಇದ್ದ ಎಂದರು, ಅಷ್ಟೇ. ಪೊಲೀಸ್ ಕಂಪ್ಲೇಂಟು ಆಯಿತು, ಹುಡುಕಿದ್ದಾಯಿತು. ಹೆಣವೂ ಸಿಗಲಿಲ್ಲ, ಸುದ್ದಿಯೂ ಸಿಗಲಿಲ್ಲ.

ಮನೆಯಲ್ಲಿ ಉಳಿದದ್ದು ತಾಯಿ ಮತ್ತು ಮಗಳು ಕುಮಾರಿ. ಆದರೂ ಚಿಕ್ಕನಿಂಗಮ್ಮ ದಿನಾ ಸಂಜೆ ಮೂರು ಮುದ್ದೆ ಕಟ್ಟುತ್ತಿದ್ದರು. ಮೂರನೆಯದನ್ನು ಪಾತ್ರೆಯಲ್ಲಿಟ್ಟು ಮುಚ್ಚಿಡುತ್ತಿದ್ದರು. ಬೆಳಿಗ್ಗೆ ಅದನ್ನೇ ಮಜ್ಜಿಗೆಗೆ ಕಿವುಚಿಕೊಂಡು ಕುಡಿದು ಹೂ ಕೀಳಲು ಹೋಗುತ್ತಿದ್ದರು. ಪ್ರತಿ ವರ್ಷ ಪಿತೃಪಕ್ಷ ಬಂದಾಗ ಮೈದುನ ಚಿಕ್ಕಮಲ್ಲಪ್ಪ, ಅಪ್ಪನ ಎಡೆಯ ಪಕ್ಕದಲ್ಲಿ ಮಗನಿಗೂ ಒಂದು ಎಡೆ ಇಡಬೇಕೆಂದು ಹಟ ಹಿಡಿಯುತ್ತಿದ್ದ. ಅವರದು ಒಂದೇ ಮಾತು: “ಸಾಯ್ದೆ ಇರೋನ್ಗ ಎಡೆ ಇಕ್ಕಿ ನಾನೇ ಸಾಯಿಸ್ಬುಡ್ನಾ?”

ಇದೊಂದೂ ನನಗೆ ಗೊತ್ತಿರಲಿಲ್ಲ. ಗುಂಡ್ಲುಪೇಟೆಯ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಮೇಡಂ, ಮೂಗಿನ ತುದಿಯಲ್ಲೇ ಕೋಪ. ಕುಮಾರಿ ಬಿ.ಎ. ಕೊನೆಯ ವರ್ಷ, ಮೂರನೆಯ ಬೆಂಚು. ಆ ವರ್ಷವೂ ಪಾಠಕ್ಕೆ ಅಮೆರಿಕದ ಹಳೆಯ ಸಣ್ಣಕತೆಯೊಂದಿತ್ತು. ಮರ ಕಡಿಯಲು ಹೋದ ಮಗ ಹಿಂದಿರುಗುವುದಿಲ್ಲ. ತಾಯಿ ದಿನವೂ ಅವನ ಕುರ್ಚಿಯ ಮುಂದೆ ತಟ್ಟೆಯಿಟ್ಟು ಬಡಿಸುತ್ತಾಳೆ. ಕತೆ ಅಷ್ಟೇ.

“ಯಾಕೆ ಬಡಿಸ್ತಾಳೆ?” ಎಂದು ಕೇಳಿದೆ. ಕುಮಾರಿ ಎದ್ದು ನಿಂತಳು.

“ಮಗ ಸತ್ತೋಗವ್ನ ಅಂತ ಅವ್ಳ್ಗ ಗೊತ್ತದ ಮೇಡಂ. ಬದುಕಿರೋರ್ಗಾದ್ರ ಪಾತ್ರೇಲಿ ಮುಚ್ಚಿ ಮಡಗ್ತಾರ. ಉಣ್ಣೋರಿಲ್ದೆ ತಟ್ಟೇಗ ಇಕ್ಕುದ್ರ ಅದು ಎಡೆ.”

ನಾನು ನಕ್ಕುಬಿಟ್ಟೆ. “ಅಮೆರಿಕದಲ್ಲಿ ಎಲ್ಲಮ್ಮಾ ಎಡೆ? ಪಿತೃಪಕ್ಷಕ್ಕೆ ವಡೆಯನ್ನೂ ಮಾಡಿದ್ಲಾ?” ಕ್ಲಾಸೆಲ್ಲ ನಕ್ಕಿತು. ಅವಳು ಅಸೈನ್‌ಮೆಂಟಿನಲ್ಲೂ ಅದನ್ನೇ ಬರೆದಳು. ಹತ್ತಕ್ಕೆ ಮೂರು ಕೊಟ್ಟು ಕೆಂಪು ಪೆನ್ನಿನಲ್ಲಿ ಗೀಚಿದೆ: ತಟ್ಟೆ ಎಂದರೆ ನಂಬಿಕೆ. ಬಡಿಸುವವರೆಗೆ ಮಗ ಬದುಕಿದ್ದಾನೆ. ಮತ್ತೆ ಬರೆ.

ಬರೆದು ತಂದಳು. ನಾನು ಹೇಳಿದ್ದನ್ನೇ ಒಪ್ಪವಾಗಿ ಬರೆದಿದ್ದಳು. ಒಂಬತ್ತು ಕೊಟ್ಟೆ. ಆಮೇಲೆ ಹತ್ತು ದಿನ ಹುಡುಗಿ ಪತ್ತೆಯಿಲ್ಲ. ಬಂದ ದಿನ ಸ್ಟಾಫ್ ರೂಮಿಗೆ ಕರೆಸಿ, “ಎಲ್ಲಿ ಹಾಳಾಗಿ ಹೋಗಿದ್ದೆ?” ಎಂದೆ. ಅವಳು ನಿಂತಲ್ಲೇ ಎಲ್ಲವನ್ನೂ ಹೇಳಿದಳು.

ಉತ್ತರ ತಿದ್ದಿ ಬರೆಯುವಾಗ ತಾಯಿ ಏನದು ಎಂದು ಕೇಳಿದ್ದಾರೆ. ಇವಳು ಕತೆಯನ್ನೂ ನನ್ನ ಕೆಂಪು ಸಾಲುಗಳನ್ನೂ ಹೇಳಿದ್ದಾಳೆ. ಚಿಕ್ಕನಿಂಗಮ್ಮ ಒಂದು ದಿನವೆಲ್ಲ ಅದನ್ನೇ ಯೋಚಿಸಿ, “ಓದಿರವ್ರು ಹೇಳವ್ರಲ್ಲ ಕಣಮ್ಮಿ. ನಾನು ಮುಚ್ಚಿಟ್ಟು ಮುಚ್ಚಿಟ್ಟೇ ಅವ್ನು ಬರ್ನಿಲ್ವೇನೋ” ಎಂದಿದ್ದಾರೆ. ಮಾರನೆಯ ಸಂಜೆ ಪ್ರದೀಪನ ತಟ್ಟೆ ತೊಳೆದು, ಮೂರನೆಯ ಮುದ್ದೆ ಇಟ್ಟು, ಉಪ್ಸಾರು ಬಿಟ್ಟು, ಎದುರಿಗೆ ಕೂತಿದ್ದಾರೆ. ಬಾಗಿಲು ತೆರೆದೇ ಇತ್ತು. ಮುದ್ದೆ ಆರಿತು, ಮೇಲೆ ಒಣಗಿ ಬಿರಿಯಿತು. ಮುಟ್ಟುವವರಿಲ್ಲ.

“ಕುಮಾರಿ, ಇದು ಎಡೆ ಕಣಮ್ಮಿ,” ಎಂದವರೇ ನೆಲಕ್ಕೆ ಬಿದ್ದು ಅತ್ತರಂತೆ. ನಾಲ್ಕು ವರ್ಷ ಅಳದವರು. ಅಕ್ಕಪಕ್ಕದವರು ಓಡಿ ಬಂದು, ತಟ್ಟೆ ನೋಡಿ, ಏನೂ ಕೇಳದೆ ಕೂತು ತಾವೂ ಅತ್ತರು. ಆ ವಾರವೇ ಪಿತೃಪಕ್ಷ. ಈ ಸಲ ಚಿಕ್ಕಮಲ್ಲಪ್ಪನಿಗೆ ಅವರೇ ಹೇಳಿ ಕಳಿಸಿದರು: ಎರಡು ಎಡೆ ಇಡು.

ಕುಮಾರಿ ಇದನ್ನೆಲ್ಲ ಹೇಳಿದ ವಾರದ ಶನಿವಾರವೇ ಬಸ್ಸು ಹಿಡಿದು ಅವರ ಊರಿಗೆ ಹೋದೆ. ತಪ್ಪಾಯಿತು ಎನ್ನಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಗೋಡೆಯ ಮೇಲೆ ಹುಡುಗನ ಆಧಾರ್ ಫೋಟೋವನ್ನು ದೊಡ್ಡದು ಮಾಡಿಸಿ ಹಾಕಿದ್ದರು, ಅದಕ್ಕೆ ಚೆಂಡುಹೂವಿನ ಹಾರ. ಚಿಕ್ಕನಿಂಗಮ್ಮ ಚಾಪೆ ಹಾಸಿದರು. ಜೋಡಿಸಿಕೊಂಡ ಮಾತು ಬಿಟ್ಟು ಅದರ ತುದಿಯಲ್ಲಿ ಕೂತೆ. ಬೈಯಲಿ, ನಾಲ್ಕು ಜನರ ಮುಂದೆ ಉಗಿಯಲಿ ಎಂದು ಕಾದೆ. ಅವರು ಬೈಯಲಿಲ್ಲ. ಒಲೆಯ ಮುಂದೆ ಕೂತು ಮುದ್ದೆ ಕಟ್ಟಿದರು. ಒಂದು ನನಗೆ, ಒಂದು ಮಗಳಿಗೆ, ಒಂದು ತಮಗೆ. ಪಾತ್ರೆ ಖಾಲಿಯಾಯಿತು. ಅದನ್ನು ತೊಳೆದು ಬೋರಲು ಹಾಕಿದರು.

ಆಮೇಲೆ ನನ್ನ ಹತ್ತಿರ ಸರಿದು ಕೂತು ಕೇಳಿದರು: “ಒಂದ್ ಮಾತು ಕೇಳ್ತೀನಿ ಕಣವ್ವ, ನೀವು ಓದಿರವ್ರು. ನಂಗ ಒಂದ್ ದಿನ ಇಕ್ಕಿ ನೋಡಕ್ಕೇ ಆಗ್ನಿಲ್ಲ. ಆ ತಾಯಿ ದಿನಾ ಹೆಂಗ್ ಇಕ್ಕುದ್ಲು?”

ಹದಿನಾಲ್ಕು ವರ್ಷದಿಂದ ಆ ಕತೆಯನ್ನು ಪಾಠ ಮಾಡುತ್ತಿದ್ದೇನೆ. ಗೊತ್ತಿಲ್ಲ ಕಣಮ್ಮ ಎಂದೆ.