ರೊಟ್ಟಿ ತಿಂದ ನಾಲ್ಕು ಕೌದಿ

ನನ್ನ ಬೈಕಿಗೆ ಕೌದಿ ಹೊದಿಸಿದವನು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಮುಂದೆ ಒಪ್ಪಿಕೊಳ್ಳುವುದು ಇನ್ನೂ ಬಹಳ ಇದೆ.

ಬೀದರಿನ ನೌಬಾದದಲ್ಲಿ ಒಂದು ಖೋಲಿ ಹಿಡಿದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಶನಿವಾರ ಸಂಜೆ ಭಾಲ್ಕಿಯ ಮನೆಗೆ ಹೋಗುತ್ತೇನೆ. ಅಂಥ ಒಂದು ಶನಿವಾರ ಮಂಜು ಬಿದ್ದು ಸೀಟು ತೊಯ್ದೀತೆಂದು, ಟ್ರಂಕಿನ ಮೇಲೆ ಬಿದ್ದಿದ್ದ ಕೌದಿಯನ್ನು ಎಳೆದು ಬೈಕಿನ ಮೇಲೆ ಹಾಕಿದೆ. ಬೆಳಿಗ್ಗೆ ಆಯಿ, ಅಂದರೆ ಅಪ್ಪನ ತಾಯಿ, ಅಂಗಳಕ್ಕೆ ಬಂದು ನೋಡಿದಳು. ಅದು ಅವಳೇ ಹಳೆ ಸೀರೆಗಳನ್ನು ಪದರು ಪದರಾಗಿ ಸೇರಿಸಿ ಕೈಯಿಂದ ಹೊಲಿದದ್ದು. ಬೈದಿದ್ದರೆ ಚೆನ್ನಾಗಿತ್ತು, ಅವಳ ಬೈಗುಳವನ್ನು ಅವಳದೇ ದನಿಯಲ್ಲಿ ಓಣಿಗೆಲ್ಲ ಮಾಡಿ ತೋರಿಸುತ್ತಿದ್ದೆ. ಆದರೆ ಆಯಿ ಕೌದಿಯ ಅಂಚು ಮುಟ್ಟಿ, "ಗಾಡಿಗಿ ಭಾಳ ಥಂಡಿ ಆಗಿತ್ತೇನಪ್ಪಾ?" ಅಂದು ಒಳಗೆ ಹೋದಳು. ಅಷ್ಟೇ.

ಆಮೇಲೆ ಅವಳು ಸೂಜಿಯ ಡಬ್ಬಿ ಮುಟ್ಟಲಿಲ್ಲ. ಮನೆಯಲ್ಲಿ ಎಲ್ಲರಿಗೂ ಅಂಗಡಿಯ ಬ್ಲಾಂಕೆಟ್ಟುಗಳು ಬಂದಿದ್ದವು, ಹುಲಿ ಚಿತ್ರದವು. ಆಯಿಯ ಒಂದು ಕೌದಿ ಜೋಳದ ಚೀಲದ ಮೇಲೆ, ಒಂದು ಇಸ್ತ್ರಿ ಮಾಡುವ ಟೇಬಲ್ ಮೇಲೆ, ಒಂದು ನನ್ನ ಬೈಕಿನ ಮೇಲೆ. ಮನುಷ್ಯರ ಮೈಮೇಲೆ ಒಂದೂ ಇರಲಿಲ್ಲ.

ಹಾಗಾಗಿ, ಚಳಿಗಾಲಕ್ಕೆ ಬಡವರಿಗೆ ಹೊದಿಕೆ ಕೂಡಿಸುತ್ತಿದ್ದಾರೆಂದು ಬೀದರಿನಲ್ಲಿ ಒಂದು ಬೋರ್ಡು ಕಂಡಾಗ ಓಡಿಹೋಗಿ ಆಯಿಗೆ ಹೇಳಿದೆ. ಅವಳು ಡಬ್ಬಿ ಇಳಿಸಿದಳು. ಪಕ್ಕದ ಮನೆಯ ಖಾಲಾ ಟೇಲರ್. ಆಕೆ ಚೀಲದ ತುಂಬ ತುಂಡು ಬಟ್ಟೆ ತಂದು ಸುರಿದಳು. ಕಣ್ಣಿನ ಪೊರೆಯ ಆಪರೇಶನ್ ಆದಮೇಲೆ ಆಯಿಗೆ ಸೂಜಿಯ ಕಣ್ಣು ಕಾಣುವುದಿಲ್ಲ, ಖಾಲಾ ಒಂದೊಂದು ಸೂಜಿಗೆ ದಾರ ಪೋಣಿಸಿ ಕೊಡುತ್ತ, "ಅರೇ, ತೇರಾ ಟಾಕಾ ನೋಡು, ಕುಡುದು ಹೊಂಟಂಗ ಹೊಂಟದ!" ಎಂದು ಆಯಿಯ ಸೊಟ್ಟ ಹೊಲಿಗೆಯನ್ನು ಅಣಕಿಸುತ್ತಿದ್ದಳು.

"ನಿನ್ನ ಮಷೀನಿನಂಗ ನೆಟ್ಟಗ ಹೋಗ್ಲಿಕ್ಕಿ ನಾ ಏನ್ ಕರೆಂಟ್ ಮ್ಯಾಲ ನಡಿತೀನೇನು?" ಅನ್ನುತ್ತಿದ್ದಳು ಆಯಿ. ಆಮೇಲೆ ನನ್ನ ಕಡೆ ತಿರುಗಿ: "ಈ ಸಲ ಮನಿಷ್ಯಾರಿಗೇ ಕೊಡ್ಬೇಕು ನೋಡು. ಯಾರ ಮೈಮ್ಯಾಲ ಹೋತು ಅಂತ ನನಗ ಬಂದು ಹೇಳ್ಬೇಕು."

ಎರಡು ತಿಂಗಳಿಗೆ ನಾಲ್ಕು ಕೌದಿ. ಕೊನೆಯ ಮೂಲೆ ಮುಚ್ಚುವ ಮೊದಲು ಪ್ರತಿಯೊಂದರೊಳಗೂ ಆಯಿ ಒಂದು ಚೂರು ಒಣ ಜೋಳದ ರೊಟ್ಟಿ ಇಟ್ಟು ಹೊಲಿದಳು. ಅದು ಅವಳ ಪದ್ಧತಿ. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲವಂತೆ, ಅದಕ್ಕೆ ಹೊಟ್ಟೆ ತುಂಬಿಸಿಯೇ ಮನೆಯಿಂದ ಕಳಿಸಬೇಕಂತೆ.

ಸೋಮವಾರ ಗಂಟು ಹೊತ್ತು ಬೋರ್ಡು ಇದ್ದಲ್ಲಿಗೆ ಹೋದೆ. ಅಲ್ಲಿದ್ದ ಹುಡುಗ ಒಳ್ಳೆಯವನೇ, ನನ್ನಷ್ಟೇ ವಯಸ್ಸು. ಕೌದಿಯನ್ನು ಹಿಸುಕಿ ನೋಡುತ್ತ ಬಂದವನ ಕೈ ಮೂಲೆಯಲ್ಲಿ ನಿಂತಿತು.

"ಇದರಾಗ ಏನದರಿ, ಗಟ್ಟಿ ಹತ್ತಲತ್ತದ?"

"ರೊಟ್ಟಿ ಅದರಿ."

"ರೊಟ್ಟಿ?"

"ನಾಲ್ಕರಾಗೂ ಅದರಿ."

ಅವನು ನಗಲಿಲ್ಲ. ಇರುವೆ ಹತ್ತುತ್ತವೆ, ಇಲಿ ಬರುತ್ತವೆ, ಹೊಸದಾಗಿ ಪ್ಯಾಕ್ ಮಾಡಿದ್ದಾದರೆ ಮಾತ್ರ ತೆಗೆದುಕೊಳ್ಳುತ್ತೇವೆ ಎಂದ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ, ಇನ್ನೂ ನಾಟಕ ಮಾಡಿ ಹೇಳುತ್ತಿದ್ದೆ. ಗಂಟನ್ನು ನೌಬಾದದ ಖೋಲಿಗೆ ತಂದು ಮಂಚದ ಕೆಳಗೆ ತಳ್ಳಿದೆ.

ಸಂಜೆ ಆಯಿಯ ಫೋನು ಬಂತು. "ತೊಗೊಂಡ್ರೇನೋ?"

ಇಲ್ಲ ಎನ್ನಲು ಬಾಯಿ ತೆರೆದೆ. ಆದರೆ ನನ್ನ ಬಾಯಿ ನನ್ನ ಮಾತು ಎಂದೂ ಕೇಳಿದ್ದಿಲ್ಲ. ಕಂಡಕ್ಟರು, ಡಾಕ್ಟರು, ನಮ್ಮ ಅಂಗಡಿಯ ಸಾವಕಾರ, ಎಲ್ಲರೂ ಅದರೊಳಗೆ ಬಾಡಿಗೆಗೆ ಇದ್ದಾರೆ. "ಇಲ್ಲೇ ಮೇಡಂ ಅದಾರ, ಮಾತಾಡು" ಅಂದವನೇ ದನಿಯನ್ನು ತೆಳ್ಳಗೆ ಮಾಡಿ, ಮೂಗಿನಿಂದ, ಟೀವಿಯಲ್ಲಿ ವಾರ್ತೆ ಓದುವವರ ಕನ್ನಡದಲ್ಲಿ ಶುರು ಮಾಡಿದೆ: "ನಮಸ್ಕಾರ ಅಜ್ಜೀ, ನಿಮ್ಮ ಕೌದಿಗಳು ತುಂಬಾ ಚೆನ್ನಾಗಿವೆ. ಇಷ್ಟು ಸೊಗಸಾದ ಹೊಲಿಗೆ ನಾನು ನೋಡಿಯೇ ಇಲ್ಲ. ಔರಾದಿನ ಹಾಸ್ಟೆಲ್ ಹುಡುಗಿಯರಿಗೆ ಕಳಿಸಿದ್ದೇವೆ."

ಔರಾದ ಯಾಕೆ ಅಂದೆ? ದೂರ ಇದೆ ಅಂತ. ಆಯಿ ಅಷ್ಟು ದೂರ ನೋಡಲು ಹೋಗುವುದಿಲ್ಲ ಅಂತ. ಔರಾದ ತಾಲೂಕಿನ ಚಿಂತಾಕಿ ಅವಳ ತವರು ಎಂಬುದನ್ನು ಮರೆತೇಬಿಟ್ಟಿದ್ದೆ.

"ಔರಾದಾ?" ಆಯಿಯ ದನಿ ಇಪ್ಪತ್ತು ವರ್ಷ ಚಿಕ್ಕದಾಯಿತು. "ನಮ್ಮ ಕಡಿ ಹುಡುಗ್ಯಾರೇ ಅವ್ರು! ಐತವಾರ ಬರ್ತೇನಿ ಬಾಯೋರ, ಕಣ್ಣಿಲೆ ನೋಡಿ ಬರ್ತೇನಿ."

ನಾಲ್ಕು ದಿನ ನನಗೆ ಅನ್ನ ಸೇರಲಿಲ್ಲ. ಸುಳ್ಳು, ಸೇರಿತು, ಆದರೆ ರುಚಿ ಹತ್ತಲಿಲ್ಲ. ಶುಕ್ರವಾರ ರಜೆ ಹಾಕಿ ಗಂಟು ಹೊತ್ತು ಔರಾದ ಬಸ್ಸು ಹತ್ತಿದೆ. ಕೇಳುತ್ತ ಕೇಳುತ್ತ ಹುಡುಗಿಯರ ಒಂದು ಹಾಸ್ಟೆಲ್ಲಿಗೆ ಹೋದೆ. ವಾರ್ಡನ್ ಬಾಯಿಯವರು ಅಂಗಳದಲ್ಲಿ ನಿಂತು ಅಕ್ಕಿ ಚೀಲ ಇಳಿಸಿಕೊಳ್ಳುತ್ತಿದ್ದರು. ಯಾರ ದನಿಯನ್ನೂ ತೆಗೆಯದೆ ಎಲ್ಲಾ ಹೇಳಿದೆ: ಬೈಕು, ರೊಟ್ಟಿ, ಫೋನು.

ಅವರು ಒಂದು ಕೌದಿ ಬಿಡಿಸಿ ಮೂಲೆ ಹಿಸುಕಿದರು. "ನಮ್ಮವ್ವನೂ ಇಡ್ತಿದ್ಲು. ಮನ್ಯಾಗ ಒಬ್ರಿಗಾದ್ರ ಸರಿ, ಇಲ್ಲಿ ಇರುವಿ ಬಂದ್ರ ನನಗ ಕೇಳ್ತಾರ. ದಿನಾ ಬಿಸಿಲಿಗಿ ಹಾಕ್ತೇನಿ, ಆಯ್ತು. ಆದ್ರ ಹುಡುಗ್ಯಾರು ಐವತ್ತು ಮಂದಿ, ಕೌದಿ ನಾಕು. ಒಬ್ಬಾಕಿಗಿ ಕೊಟ್ರ ಉಳಿದೋರು ಜಗಳ ಆಡ್ತಾರ."

ಸ್ವಲ್ಪ ಯೋಚಿಸಿ ತಾವೇ ದಾರಿ ಹುಡುಕಿದರು. ಕೌದಿಗಳು ಯಾರಿಗೂ ಸ್ವಂತ ಅಲ್ಲ. ಜ್ವರ ಬಂದವಳಿಗೆ, ಇಲ್ಲವೇ ಹೊಸದಾಗಿ ಬಂದು ಮನೆ ನೆನೆದು ಅಳುವವಳಿಗೆ, ವಾಸಿಯಾಗುವ ತನಕ. ಆಮೇಲೆ ಬೆರಳೆತ್ತಿದರು: "ಒಂದು ಮಾತು. ನಿಮ್ಮ ಆಯಿ ಬಂದಾಗ ನಾ ಆ ಫೋನಿನ ಮೇಡಂ ಆಗಂಗಿಲ್ಲ. ನೀವೇ ಹೇಳಿ ಕರ್ಕೊಂಡು ಬರ್ರಿ."

ಭಾನುವಾರ ಔರಾದ ಬಸ್ಸಿನಲ್ಲಿ ಆಯಿಗೆ ಎಲ್ಲಾ ಹೇಳಿದೆ. ಆಯಿ ಕಿಟಕಿಯ ಕಡೆ ಕೂತಿದ್ದಳು, ಹೊಸ ಇಳಕಲ್ ಸೀರೆ, ತೊಡೆಯ ಮೇಲೆ ಹುಡುಗಿಯರಿಗೆಂದು ಶೇಂಗಾ ಉಂಡಿಯ ಡಬ್ಬಿ. ಕೌದಿ ವಾಪಸು ಬಂದದ್ದಕ್ಕೆ ಅವಳಿಗೆ ಸಿಟ್ಟು ಬರಲಿಲ್ಲ. ಕೇಳಿದ್ದು ಒಂದೇ:

"ಹಂಗಾದ್ರ ಹೊಲಿಗಿ ಛಂದ ಅದ ಅಂದಿದ್ದೂ ನೀನೇ?"

"ಹೌದಾಯಿ."

"ನಾ ಖಾಲಾಗ ಹೇಳೀನಿ. ಓಣಿಗೆಲ್ಲಾ ಹೇಳೀನಿ."

ಔರಾದ ಬರುವ ತನಕ ಅವಳು ಡಬ್ಬಿಯ ಮುಚ್ಚಳ ಒತ್ತುತ್ತಲೇ ಇದ್ದಳು, ಮುಚ್ಚಳ ಮೊದಲೇ ಗಟ್ಟಿಯಾಗಿ ಕೂತಿತ್ತು.

ವಾರ್ಡನ್ ಬಾಯಿಯವರು ಬಾಗಿಲಿಗೆ ಬಂದು ಅವಳ ಕೈ ಹಿಡಿದರು. "ಸಪ್ಪಳ ಮಾಡ್ಬ್ಯಾಡ್ರಿ. ಒಬ್ಬಾಕಿಗಿ ನಿನ್ನಿಯಿಂದ ಜ್ವರ ಅದ" ಅಂದು ಮೂಲೆಯ ಕೋಣೆಗೆ ಕರೆದೊಯ್ದರು. ಮಂಚದ ಮೇಲೆ ಕೌದಿಯ ಗುಡ್ಡೆಯೊಂದು ಮಲಗಿತ್ತು. ಹೊರಗೆ ಕಾಣುತ್ತಿದ್ದದ್ದು ಒಂದು ಜಡೆ ಮಾತ್ರ. ಆಯಿ ಹತ್ತಿರ ಹೋದಳು. ಹೊಲಿಗೆ ನೋಡಲು ಅಂಚನ್ನು ಒಂದಿಷ್ಟು ಎತ್ತಿದಳು.

ಗುಡ್ಡೆ ಎಚ್ಚರಾಯಿತು. ಏಳನೇ ಎಂಟನೇ ಇಯತ್ತೆಯಲ್ಲಿ ಓದುವ ಹುಡುಗಿ, ಕೆಂಪು ಕಣ್ಣು, ಸಿಂಬಳದ ಮೂಗು. ಅಪರಿಚಿತ ಮುದುಕಿ ಹೊದಿಕೆಯ ಅಂಚು ಹಿಡಿದದ್ದನ್ನು ಕಂಡದ್ದೇ ಎರಡೂ ಕೈಯಿಂದ ಎಳೆದುಕೊಂಡಳು.

"ಕೊಡಂಗಿಲ್ರಿ! ನನಗ ಇನ್ನಾ ಜ್ವರ ಹೋಗಿಲ್ಲ!"

"ನಾ ಒಯ್ಲಾಕ ಬಂದಿಲ್ಲವ್ವಾ."

"ಮತ್ಯಾಕ ಜಗ್ಗಲತ್ತೀರಿ? ಒಮ್ಮಿ ಕೊಟ್ರ ಮತ್ತ ಸಿಗಂಗಿಲ್ಲ. ಈಗೇ ಇಬ್ಬರು ಜ್ವರ ಬಂದದ ಅಂತ ನಾಟಕ ಮಾಡ್ಲತ್ತಾರ!"

ವಾರ್ಡನ್ ಬಾಯಿಯವರು ಬಾಗಿಲ ಕಡೆ ಮುಖ ತಿರುಗಿಸಿ ನಕ್ಕರು. ಆಯಿ ನಗಲಿಲ್ಲ, ಜಗ್ಗಿ ಸಡಿಲಾದ ಅಂಚನ್ನು ಹುಡುಗಿಯ ಹೆಗಲ ಕೆಳಗೆ ಗಟ್ಟಿಯಾಗಿ ಸಿಕ್ಕಿಸಿದಳು. ಹುಡುಗಿ ಸಂಶಯದಿಂದ ನೋಡುತ್ತಲೇ ಮತ್ತೆ ಮುಸುಕು ಹಾಕಿಕೊಂಡಳು. ಡಬ್ಬಿಯಿಂದ ಎರಡು ಉಂಡಿ ತೆಗೆದು ದಿಂಬಿನ ಪಕ್ಕ ಇಟ್ಟು ಆಯಿ ಹೊರಗೆ ಬಂದಳು.

ವರಾಂಡದ ಕಟ್ಟೆಯ ಮೇಲೆ ಕೂತು ಕೇಳಿದಳು: "ಬಾಯೋರ, ಹುಡುಗ್ಯಾರ ಹರದ ಯೂನಿಫಾರ್ಮು ಏನ್ ಮಾಡ್ತೀರಿ?"

"ನೆಲ ಒರಸ್ಲಿಕ್ಕಿ ಹಾಕ್ತೀವ್ರಿ."

"ಒಂದ್ ಕಟ್ಟ ಇವನ ತಲಿ ಮ್ಯಾಲ ಇಡ್ರಿ. ಐವತ್ತು ಮಂದಿಗಿ ನಾಕು ಹ್ಯಾಂಗ ಸಾಕಾಗ್ತಾವ?"

ನೀಲಿ ಲಂಗಗಳ ಕಟ್ಟು ಬಂತು, ನನ್ನ ಎದೆಯೆತ್ತರ. ಬಸ್ ಸ್ಟ್ಯಾಂಡಿನ ತನಕ ಹೊತ್ತೆ. ಆಯಿ ಮುಂದೆ ಮುಂದೆ ನಡೆಯುತ್ತ, ಚಿಂತಾಕಿಗೆ ಇನ್ನೊಮ್ಮೆ ಹೋದರಾಯಿತು, ಇವತ್ತು ಹೊತ್ತಾಯಿತು, ಖಾಲಾಗೆ ಈಗಲೇ ಫೋನ್ ಹಚ್ಚು, ಸೂಜಿಗೆ ದಾರ ಪೋಣಿಸಿಡಲು ಹೇಳು ಅಂದಳು.